ಮನದೊಳಗಿನ ಭಯ: ವಿದ್ಯಾರ್ಥಿ ಕಿರುಚಿತ್ರಕ್ಕೊಂದು ಪೂರ್ವಸಿದ್ಧತೆ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬೇಡಿಕೆಯೊಂದು ಕೇಳಿಬರುತ್ತಿದೆ. ಊರಿನ ಹಳೆಯ ಮನೆಯನ್ನು ಎರಡು ಮೂರು ದಿನ ಬಿಟ್ಟುಕೊಡಬೇಕು, ಗೆಳೆಯರೆಲ್ಲ ಸೇರಿ ಕಿರುಚಿತ್ರವೊಂದನ್ನು ತೆಗೆಯುತ್ತೇವೆ ಎಂಬುದೇ ಆ ಬೇಡಿಕೆ. ಎಂಥ ಚಿತ್ರವೆಂದು ಕೇಳಿದರೆ ‘ಸೈಕಲಾಜಿಕಲ್ ಹಾರರ್’ ಎಂಬ ಉತ್ತರ ಬರುತ್ತದೆ. ಮನಸ್ಸಿನೊಳಗೇ ಹುಟ್ಟಿ ಮನಸ್ಸಿನೊಳಗೇ ಬೆಳೆಯುವ ಭಯದ ಚಿತ್ರವೆಂದು ಅದರ ಅರ್ಥ. ಈ ಮಕ್ಕಳಿಗೆ ಬೇರೆ ವಿಷಯವೇ ಸಿಗಲಿಲ್ಲವೇ ಎಂದು ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ.

ಆದರೆ ಭಯವು ಕಲೆಗೆ ಹೊರತಾದ ವಸ್ತುವೇನಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದು, ಬೀಭತ್ಸವೂ ಒಂದು. ಭಯಾನಕಕ್ಕೆ ಭಯವು ಸ್ಥಾಯಿಭಾವವಾದರೆ ಬೀಭತ್ಸಕ್ಕೆ ಜುಗುಪ್ಸೆಯು ಸ್ಥಾಯಿಭಾವ. ನಮ್ಮ ವಿದ್ಯಾರ್ಥಿಗಳು ಮೊದಲ ಹೆಜ್ಜೆಯಲ್ಲಿ ಎಡವುವುದು ಇಲ್ಲಿಯೇ. ಕೆಂಪು ಬಣ್ಣ ಕಲಸಿದ ನೀರು, ಕೆದರಿದ ಕೂದಲು, ಕಿತ್ತ ಕಣ್ಣು ಇವುಗಳಿಂದ ಹೇಸಿಗೆ ಹುಟ್ಟೀತು, ಹೆದರಿಕೆ ಹುಟ್ಟಲಾರದು. ಭಯದ ಕಾರಣಗಳನ್ನು ಎಣಿಸುವಾಗ ಭರತನು ವಿಕಾರವಾದ ಧ್ವನಿ, ಅಡವಿ, ಶೂನ್ಯಗೃಹ ಇವುಗಳ ಜೊತೆಯಲ್ಲಿ ಇನ್ನೊಂದನ್ನೂ ಸೇರಿಸಿದ್ದಾನೆ. ಗುರುವಿಗೆ, ಅರಸನಿಗೆ ಎಸಗಿದ ಅಪರಾಧವೇ ಅದು. ಪಾಳುಮನೆಯ ಕತ್ತಲೆಯೂ, ತಪ್ಪು ಮಾಡಿದವನ ಎದೆಯ ಅಳುಕೂ ಆತನ ಪಟ್ಟಿಯಲ್ಲಿ ಒಂದೇ ಸಾಲಿನವು. ಇಂದು ಮನೋವೈಜ್ಞಾನಿಕ ಭಯವೆಂದು ಹೊಸ ಹೆಸರಿನಿಂದ ಕರೆಯುವ ವಸ್ತುವಿನ ಬೇರು ಅಷ್ಟು ಹಳೆಯದು.

ಆದುದರಿಂದ ಇಂಥ ಚಿತ್ರ ತೆಗೆಯಹೊರಟ ಮಕ್ಕಳು ಕ್ಯಾಮೆರಾ ಯಾವುದೆಂದು ಯೋಚಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಮ್ಮ ಕತೆಯ ವ್ಯಕ್ತಿ ಯಾವುದಕ್ಕೆ ಅಂಜುತ್ತಾನೆ, ಅದಕ್ಕೂ ಅವನು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಇರುವ ಸಂಬಂಧವೇನು? ಇದಕ್ಕೆ ಉತ್ತರ ಸಿಗುವವರೆಗೆ ಚಿತ್ರೀಕರಣದ ದಿನಾಂಕವನ್ನು ಗೊತ್ತುಪಡಿಸದಿರುವುದು ಲೇಸು.

ಸ್ವಂತ ಮನೆಯೇ ಸಾಕು

ಹಣವಿಲ್ಲ, ಸ್ಟುಡಿಯೋ ಇಲ್ಲ ಎಂಬ ಕೊರಗು ಈ ಬಗೆಯ ಚಿತ್ರಕ್ಕೆ ಸಲ್ಲದು. 1943ರಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ನಗರದಲ್ಲಿ ಮಾಯಾ ಡೆರೆನ್ ಎಂಬ ಮಹಿಳೆಯು ತನ್ನ ಪತಿ ಅಲೆಕ್ಸಾಂಡರ್ ಹ್ಯಾಮಿಡ್ ಅವರೊಡನೆ ತಾವು ವಾಸವಾಗಿದ್ದ ಮನೆಯಲ್ಲಿಯೇ ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ ಎಂಬ ಸುಮಾರು 14 ನಿಮಿಷಗಳ ಚಿತ್ರವನ್ನು ತೆಗೆದರು. ನಟರೂ ಅವರೇ, ಕೆಲಸಗಾರರೂ ಅವರೇ. ಮಾತಿಲ್ಲ. ಒಂದು ಹೂವು, ಒಂದು ಬೀಗದ ಕೈ, ಒಂದು ಚಾಕು, ಮುಖದ ಜಾಗದಲ್ಲಿ ಕನ್ನಡಿಯಿರುವ ಕಪ್ಪು ನಿಲುವಂಗಿಯ ಆಕೃತಿ, ಇಷ್ಟೇ ಅದರ ಸಾಮಗ್ರಿ. ಮೊದಲು ಮೂಕಚಿತ್ರವಾಗಿಯೇ ಇದ್ದ ಅದಕ್ಕೆ 1959ರಲ್ಲಿ ಸಂಗೀತವನ್ನು ಸೇರಿಸಲಾಯಿತು. ನಿದ್ದೆಗೆ ಜಾರಿದ ಹೆಣ್ಣುಮಗಳೊಬ್ಬಳಿಗೆ ತನ್ನ ಮನೆಯ ಮೆಟ್ಟಿಲುಗಳೇ ಪರಕೀಯವಾಗುವ ಪರಿಯನ್ನು ಇಂದಿಗೂ ಚಲನಚಿತ್ರ ಶಾಲೆಗಳಲ್ಲಿ ತೋರಿಸಿ ಪಾಠ ಹೇಳುತ್ತಾರೆ.

ತೀರ ಈಚಿನ ನಿದರ್ಶನವೂ ಉಂಟು. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ತಮ್ಮ ವಸತಿಯಲ್ಲಿಯೇ, ಪತ್ನಿ ಲೋಟಾ ಲೋಸ್ಟೆನ್ ಅವರನ್ನೇ ನಟಿಯನ್ನಾಗಿಸಿ ‘ಲೈಟ್ಸ್ ಔಟ್’ ಎಂಬ ಮೂರು ನಿಮಿಷಕ್ಕೂ ಕಡಿಮೆಯ ಚಿತ್ರವನ್ನು ಮಾಡಿದರು. ದೀಪ ಆರಿಸಿದರೆ ಬಾಗಿಲಲ್ಲಿ ಒಂದು ಆಕೃತಿ ಕಾಣುತ್ತದೆ, ಹೊತ್ತಿಸಿದರೆ ಇಲ್ಲ. ಅದೊಂದೇ ನಿಯಮದ ಮೇಲೆ ಇಡೀ ಚಿತ್ರ ನಿಂತಿದೆ. 2016ರಲ್ಲಿ ಅದೇ ಹೆಸರಿನ ಪೂರ್ಣಪ್ರಮಾಣದ ಚಿತ್ರವನ್ನು ನಿರ್ದೇಶಿಸುವ ಅವಕಾಶ ಅವರಿಗೆ ದೊರೆಯಿತು. ನಮ್ಮವರೇ ಆದ ಗಿರೀಶ ಕಾಸರವಳ್ಳಿಯವರು ಪುಣೆಯ ಸಂಸ್ಥೆಯಲ್ಲಿ 1975ರಲ್ಲಿ ಮಾಡಿದ ‘ಅವಶೇಷ್’ ಕೂಡ ವಿದ್ಯಾರ್ಥಿಯ ಡಿಪ್ಲೊಮಾ ಚಿತ್ರವೇ. ಎರಡು ವರ್ಷಗಳ ತರುವಾಯ ಅವರ ‘ಘಟಶ್ರಾದ್ಧ’ ಸ್ವರ್ಣಕಮಲವನ್ನು ಪಡೆಯಿತು. ಮಕ್ಕಳ ಕಿರುಚಿತ್ರದ ಹಂಬಲವನ್ನು ಕಾಲಹರಣವೆಂದು ತಳ್ಳಿಹಾಕುವ ಪಾಲಕರು ಇದನ್ನು ನೆನೆಯಬಹುದು.

ಕುಟ್ಟಾಣಿಯ ಕತೆ

ಬರಿಯ ತತ್ತ್ವ ಹೇಳಿದರೆ ಪ್ರಯೋಜನವಿಲ್ಲ. ಏಳು ನಿಮಿಷದ ಒಂದು ಕತೆಯನ್ನು ಇಲ್ಲಿಯೇ ಕಟ್ಟಿ ನೋಡೋಣ.

ಪದವಿ ತರಗತಿಯ ಹುಡುಗಿ. ಪರೀಕ್ಷೆ ಸಮೀಪಿಸಿದೆ. ತಂದೆತಾಯಿ ನೆಂಟರ ಮದುವೆಗೆ ಹೋಗಿದ್ದಾರೆ. ಅಜ್ಜಿ ತೀರಿಕೊಂಡು ತಿಂಗಳಾಗಿದೆ. ರಾತ್ರಿ ಓದುತ್ತ ಕುಳಿತಾಗ ಪಡಸಾಲೆಯಿಂದ ಸದ್ದು ಕೇಳುತ್ತದೆ. ಹಲ್ಲಿಲ್ಲದ ಹಿರಿಯರು ಎಲೆಯಡಿಕೆ ಕುಟ್ಟಿಕೊಳ್ಳುವ ಪುಟ್ಟ ಕುಟ್ಟಾಣಿಯ ಸದ್ದು. ಎದ್ದು ಹೋದರೆ ನಿಲ್ಲುತ್ತದೆ. ಕುಟ್ಟಾಣಿ ಗೋಡೆಯ ಗೂಡಿನಲ್ಲಿ ಇದ್ದಂತೆಯೇ ಇದೆ. ಎರಡನೆಯ ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಾಳೆ. ಆದರೂ ಸದ್ದು ಪಡಸಾಲೆಯಿಂದಲೇ ಬರುತ್ತದೆ. ಮೂರನೆಯ ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡಿನ ದನಿಯನ್ನು ಏರಿಸುತ್ತಾಳೆ. ಹಾಗೆ ಏರಿಸುವ ಆ ಬೆರಳನ್ನು ಕಂಡಾಗ ನೋಡುವವರಿಗೆ ಹಳೆಯ ರಾತ್ರಿಯೊಂದು ತೆರೆದುಕೊಳ್ಳುತ್ತದೆ. ಅಂದು ಅಜ್ಜಿ ಮಂಚದ ಮೇಲಿಂದ “ಒಂದೀಟು ನೀರು ಕೊಡವ್ವಾ” ಎಂದಿದ್ದಳು. ದನಿ ಸೋತಾಗ ಕುಟ್ಟಾಣಿಯನ್ನು ನೆಲಕ್ಕೆ ಬಡಿದಿದ್ದಳು. ಹುಡುಗಿಗೆ ಕೇಳಿಸಿತ್ತು. ಕೇಳಿಸಿಯೂ ಹಾಡಿನ ದನಿಯನ್ನು ಏರಿಸಿದ್ದಳು.

ಈಗ ಅವಳು ಇಯರ್‌ಫೋನ್ ತೆಗೆಯುತ್ತಾಳೆ. ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತುಂಬಿ ಬರಿದಾದ ಮಂಚದ ಬಳಿ ಇಟ್ಟು ಕೂರುತ್ತಾಳೆ. ಸದ್ದು ನಿಲ್ಲುತ್ತದೆ.

ಮರುದಿನ ಬೆಳಗ್ಗೆ ಲೋಟ ಬರಿದಾಗಿರಬೇಕೋ ತುಂಬಿರಬೇಕೋ ಎಂದು ಯಾವ ತಂಡವೇ ಆಗಲಿ ಗಂಟೆಗಟ್ಟಲೆ ಜಗಳವಾಡುವುದು ಖಂಡಿತ. ಬರಿದಾಗಿದ್ದರೆ ಪ್ರೇತವಿದೆಯೆಂದಾಯಿತು, ತುಂಬಿದ್ದರೆ ಎಲ್ಲವೂ ಭ್ರಮೆಯೆಂದಾಯಿತು. ನನ್ನ ಮಾತು ಕೇಳುವುದಾದರೆ ಬೆಳಗಿನ ಲೋಟವನ್ನು ತೋರಿಸಲೇಬೇಡಿ. ಅವಳು ನೀರು ತಂದಳೋ ಇಲ್ಲವೋ ಎಂಬುದಷ್ಟೇ ಈ ಕತೆಯ ಪ್ರಶ್ನೆ, ಯಾರು ಕುಡಿದರು ಎಂಬುದಲ್ಲ.

ಈ ಕತೆಗೆ ಬೇಕಾದವರು ಎಷ್ಟು ಮಂದಿ ನೋಡಿ. ನಟಿಸಬಲ್ಲ ಹುಡುಗಿಯೊಬ್ಬಳು. ಅಜ್ಜಿಯ ಮುಖ ಕಾಣಬೇಕಾದುದಿಲ್ಲ, ಕೈ ಕಂಡರೆ ಸಾಕು. ನೆರೆಮನೆಯ ಹಿರಿಯರೊಬ್ಬರು ಅರ್ಧ ತಾಸು ಬಂದು ಕುಳಿತು ಹೋದರೆ ಆ ಕೆಲಸ ಮುಗಿಯಿತು. ನಮ್ಮ ನೆಲದ ಭಯಗಳು ಹೀಗೆಯೇ ಮನೆಯ ವಸ್ತುಗಳಿಗೆ ಅಂಟಿಕೊಂಡು ಇರುತ್ತವೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಮುತ್ತಲ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಅನೇಕ ಓದುಗರು ಕಂಡಿರಬಹುದು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಅದಾವುದೋ ಹೆಂಗಸು ಆ ಬರಹವನ್ನು ಓದಿ ಹಿಂದಿರುಗುವಳೆಂಬ ವದಂತಿ ಆಗ ಹಬ್ಬಿತ್ತು. 2018ರ ಹಿಂದೀ ಚಿತ್ರ ‘ಸ್ತ್ರೀ’ ಇದೇ ನಂಬಿಕೆಯನ್ನು ಬಳಸಿಕೊಂಡಿತು. ಆ ವದಂತಿಯಲ್ಲಿ ಅಂಜಿಕೆ ಹುಟ್ಟಿಸುತ್ತಿದ್ದುದು ಹೆಂಗಸಿನ ರೂಪವಲ್ಲ. ಬಾಗಿಲ ಹೊರಗಿನ ದನಿ ತಾಯಿಯದೇ ಆಗಿರಬಹುದು, ಆದರೂ ತೆರೆಯಕೂಡದು ಎಂಬ ಇಕ್ಕಟ್ಟು. ವಿದೇಶೀ ಚಿತ್ರಗಳ ಬೊಂಬೆಗಳನ್ನು, ಮುಖವಾಡಗಳನ್ನು ಎರವಲು ತರುವ ಮಕ್ಕಳು ತಮ್ಮ ಅಟ್ಟವನ್ನೊಮ್ಮೆ ಹತ್ತಿ ನೋಡಬೇಕು.

‘ಹುಚ್ಚು’ ಎಂಬ ಸುಲಭದ ದಾರಿ

ವಿದ್ಯಾರ್ಥಿಗಳ ಚಿತ್ರಕತೆಗಳಲ್ಲಿ ಪದೇ ಪದೇ ಕಾಣುವ ಮುಕ್ತಾಯವೊಂದಿದೆ. ಕೊನೆಯ ದೃಶ್ಯದಲ್ಲಿ ಬಿಳಿ ಕೋಟಿನ ವೈದ್ಯರೊಬ್ಬರು ಬಂದು, ಇದೆಲ್ಲವೂ ಅವಳ ಮನೋರೋಗದ ಕಲ್ಪನೆ ಎನ್ನುತ್ತಾರೆ. ಅಥವಾ ಕೊಂದವನು ಮಾನಸಿಕ ರೋಗಿಯೆಂದು ಗೊತ್ತಾಗುತ್ತದೆ. ಕತೆಗಾರನಿಗೆ ಇದರಿಂದ ಶ್ರಮ ಉಳಿಯುತ್ತದೆ, ನಿಜ. ಆದರೆ ಸಭೆಯಲ್ಲಿ ಕುಳಿತು ನೋಡುವವರಲ್ಲಿ ಔಷಧ ಸೇವಿಸುತ್ತಿರುವ ಒಬ್ಬ ಅಣ್ಣ, ಹೆರಿಗೆಯ ನಂತರ ಮಂಕಾದ ಒಬ್ಬ ಅತ್ತಿಗೆ ಇರುತ್ತಾರೆ. ತಮ್ಮ ನೋವೇ ಪರದೆಯ ಮೇಲಿನ ಪಿಶಾಚಿಯಾಗಿ ನಿಂತುದನ್ನು ಕಂಡು ಅವರು ಮನೆಗೆ ಹೋಗಿ ಏನನ್ನು ಹೇಳಿಕೊಂಡಾರು? ಆ ಮೇಲೆ ವೈದ್ಯರ ಬಳಿಗೆ ಹೋಗಲು ಅವರೂ ಹಿಂಜರಿಯುತ್ತಾರೆ, ಕರೆದೊಯ್ಯಲು ಮನೆಯವರೂ ಹಿಂಜರಿಯುತ್ತಾರೆ.

ಕನ್ನಡದಲ್ಲಿ ಇದಕ್ಕಿಂತ ದೊಡ್ಡ ದಾರಿಯನ್ನು ಬಹಳ ಹಿಂದೆಯೇ ತೆರೆದವರಿದ್ದಾರೆ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ಕಲ್ಪನಾ ಅವರು ಅಭಿನಯಿಸಿದ ಕಾವೇರಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಸುತ್ತಲಿನವರು ಅವಳ ಪ್ರತಿ ಮಾತಿನಲ್ಲಿ, ಪ್ರತಿ ನಗುವಿನಲ್ಲಿ ಹುಚ್ಚನ್ನೇ ಹುಡುಕುತ್ತಾರೆ. ಅಲ್ಲಿ ಮೈ ನಡುಗಿಸುವುದು ಕಾವೇರಿಯಲ್ಲ, ಅವಳನ್ನು ನೋಡುವ ಕಣ್ಣುಗಳು. ಅದನ್ನು ಯಾರೂ ಭಯದ ಚಿತ್ರವೆಂದು ಕರೆಯಲಿಲ್ಲ. ಆದರೂ ಈ ಬಗೆಯ ಕತೆ ಬರೆಯುವ ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಅದನ್ನೇ ಎಂದು ನಾನು ಹೇಳುತ್ತೇನೆ.

ನಮ್ಮ ಕುಟ್ಟಾಣಿಯ ಹುಡುಗಿಗೆ ಕೇಳಿದ ಸದ್ದು ಕೂಡ ರೋಗವಾಗಿರಬೇಕಾಗಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಡ್ಯೂಯಿ ರೀಸ್ ಎಂಬ ವೈದ್ಯರು ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಗಲಿದವರು ಬಳಿಯಲ್ಲಿದ್ದಂತೆ ಭಾಸವಾದುದನ್ನೋ, ಅವರನ್ನು ಕಂಡಂತೆ, ಅವರ ದನಿ ಕೇಳಿದಂತೆ ಆದುದನ್ನೋ ಒಪ್ಪಿಕೊಂಡರು. ಬಹುಪಾಲು ಜನ ಅದನ್ನು ಅದುವರೆಗೆ ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಶೋಕದ ದಿನಗಳಲ್ಲಿ ಮನಸ್ಸಿಗೆ ಇದು ಸಹಜವೆಂಬುದನ್ನು ಬಲ್ಲ ನಿರ್ದೇಶಕನು ಹುಡುಗಿಯಿಂದ ಕಣ್ಣು ತಿರುಗಿಸಿಸುವುದಿಲ್ಲ, ಕಿರುಚಿಸುವುದಿಲ್ಲ. ಸದ್ದು ಕೇಳಿದ ಆಕೆ ಬರಿದೆ ಓದುವುದನ್ನು ನಿಲ್ಲಿಸುತ್ತಾಳೆ. ಅಷ್ಟೇ ಸಾಕು, ನೋಡುವವರ ಮೈ ಜುಮ್ಮೆನ್ನುತ್ತದೆ.

ಕತೆಯನ್ನು ಬರೆಯುವಾಗ, ನಟಿಸುವಾಗ ತಂಡದಲ್ಲೊಬ್ಬರಿಗೆ ತಮ್ಮದೇ ದುಃಖ ಕೆದಕಿದಂತಾಗುವುದುಂಟು. ಈಚೆಗೆ ಮನೆಯಲ್ಲಿ ಸಾವಾದವರಿಗೆ ಇಂಥ ಪಾತ್ರವನ್ನು ಒತ್ತಾಯದಿಂದ ಕೊಡಕೂಡದು. ನಿದ್ದೆ ಬಾರದೆ, ಊಟ ಸೇರದೆ ದಿನಗಳು ಕಳೆದರೆ ಸಂಕೋಚವಿಲ್ಲದೆ 14416 ಸಂಖ್ಯೆಗೆ ಕರೆ ಮಾಡಬಹುದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಈ ಸೇವೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಆಪ್ತಸಲಹೆ ದೊರೆಯುತ್ತದೆ.

ಕಾಣಿಸುವುದಕ್ಕಿಂತ ಕೇಳಿಸುವುದು

1942ರಲ್ಲಿ ವ್ಯಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಹೆಂಗಸೊಬ್ಬಳು ರಾತ್ರಿ ಉದ್ಯಾನದ ಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆದುಹೋಗುತ್ತಾಳೆ. ಹಿಂದೆ ಇನ್ನೊಂದು ಜೋಡಿ ಹೆಜ್ಜೆಗಳ ಸದ್ದು. ಥಟ್ಟನೆ ಆ ಸದ್ದು ನಿಲ್ಲುತ್ತದೆ. ಆಕೆ ವೇಗವಾಗಿ ನಡೆಯುತ್ತಾಳೆ, ತಿರುಗಿ ನೋಡುತ್ತಾಳೆ, ಮೃಗವೊಂದು ಬುಸುಗುಟ್ಟಿ ಎರಗಿತೆನ್ನುವಾಗ ಬಸ್ಸೊಂದು ಬಂದು ನಿಲ್ಲುತ್ತದೆ. ಕೇಳಿದ್ದು ಬಸ್ಸಿನ ಸದ್ದು. ಈ ದೃಶ್ಯದಲ್ಲಿ ಮೃಗ ಕಾಣುವುದೇ ಇಲ್ಲ. ಇಂದಿಗೂ ಇಂಥ ತಂತ್ರವನ್ನು ಚಿತ್ರರಂಗದವರು ‘ಲ್ಯೂಟನ್ ಬಸ್’ ಎಂದು ಕರೆಯುತ್ತಾರೆ. ಅದರಲ್ಲಿ ಗಮನಿಸಬೇಕಾದುದು ಬಸ್ಸಿನ ಸದ್ದಿಗಿಂತ ಹೆಚ್ಚಾಗಿ ಹೆಜ್ಜೆಯ ಸದ್ದು ನಿಂತ ಗಳಿಗೆ.

ಆದ್ದರಿಂದ ಚಿತ್ರಕತೆಯ ಪುಟದಲ್ಲಿ ಎಡಭಾಗಕ್ಕೆ ಕಾಣುವುದನ್ನು, ಬಲಭಾಗಕ್ಕೆ ಕೇಳುವುದನ್ನು ಬರೆಯುವ ಅಭ್ಯಾಸ ಒಳ್ಳೆಯದು. ಕುಟ್ಟಾಣಿ ಎಷ್ಟು ಬಾರಿ ಕುಟ್ಟಬೇಕು, ಯಾವ ಅಂತರದಲ್ಲಿ, ಎಲ್ಲಿ ನಿಲ್ಲಬೇಕು ಎಂಬುದು ಕಾಗದದ ಮೇಲೆಯೇ ನಿಶ್ಚಯವಾಗಲಿ. ಸದ್ದನ್ನು ಕ್ಯಾಮೆರಾದಿಂದ ದೂರದಲ್ಲಿ, ಬೇರೆಯಾಗಿ ಮುದ್ರಿಸಿಕೊಳ್ಳಬೇಕು: ಮರದ ಮೇಲೆ, ಕಲ್ಲಿನ ಮೇಲೆ, ಬಟ್ಟೆ ಸುತ್ತಿ. ಪ್ರತಿ ಕೋಣೆಯಲ್ಲಿಯೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷದ ಬರಿಯ ಮೌನವನ್ನೂ ಮುದ್ರಿಸಿಕೊಳ್ಳಬೇಕು. ಕೋಣೆ ಕೋಣೆಗೂ ಮೌನ ಬೇರೆ ಬೇರೆ. ಸಂಕಲನದಲ್ಲಿ ತೇಪೆ ಹಾಕಲು ಅದು ಬೇಕೇ ಬೇಕು. ಫ್ಯಾನು, ಫ್ರಿಜ್ಜು ಎರಡನ್ನೂ ಆರಿಸಿಡಬೇಕಾಗುತ್ತದೆ. ಫ್ರಿಜ್ಜನ್ನು ಮತ್ತೆ ಹಾಕಲು ಮರೆತು ಮನೆಯೊಡತಿಯ ಹಾಲು ಮೊಸರು ಕೆಟ್ಟರೆ ಮುಂದಿನ ಸಲ ಮನೆ ಸಿಗದು. ಅದಕ್ಕಾಗಿ ಧ್ವನಿ ಮುದ್ರಕರು ತಮ್ಮ ಗಾಡಿಯ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುತ್ತಾರೆ. ಹೊರಡುವಾಗ ಬಾಗಿಲು ತೆರೆಯಲೇಬೇಕಲ್ಲ!

ಇನ್ನು ಶಾಟ್‌ಗಳ ಪಟ್ಟಿ. ಹಿಚ್‌ಕಾಕ್ ಅವರು 1960ರ ‘ಸೈಕೋ’ ಚಿತ್ರದ ಸ್ನಾನದ ಮನೆಯ ಮುಕ್ಕಾಲು ನಿಮಿಷದ ಕೊಲೆಯ ಭಾಗಕ್ಕೆ ಏಳು ದಿನ ತೆಗೆದುಕೊಂಡರು. ಕ್ಯಾಮೆರಾವನ್ನು 78 ಕಡೆ ಇರಿಸಿದರು. ಅಲ್ಲಿ ಹರಿದ ರಕ್ತ ಚಾಕೊಲೇಟ್ ಪಾಕ. ಇದನ್ನು ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅಷ್ಟು ಚಿಕ್ಕ ಭಾಗಕ್ಕೂ ಮೊದಲೇ ನಕ್ಷೆ ಇತ್ತೆಂಬುದನ್ನು ತಿಳಿಯಬೇಕು. ನಮ್ಮ ಕತೆಗೆ ನಲವತ್ತು ಶಾಟ್‌ಗಳು ಸಾಕು. ಅವುಗಳಲ್ಲಿ ಮುಕ್ಕಾಲು ಪಾಲು ಹುಡುಗಿಯ ಕಣ್ಣಿನ ಎತ್ತರದಲ್ಲಿ, ಅವಳು ಕಂಡಷ್ಟನ್ನೇ ಕಾಣುವಂತೆ ಇರಲಿ. ಅವಳಿಗಿಂತ ಮೊದಲು ನಮಗೇ ಗೊತ್ತಾದರೆ ಭಯ ಸೋರಿಹೋಗುತ್ತದೆ.

ಬೆಳಕು, ವೇಳೆ, ಊಟ

ಹೊಸಬರ ತಂಡ ಒಂದು ದಿನದಲ್ಲಿ ಹದಿನೈದು ಶಾಟ್ ಮುಗಿಸಿದರೆ ದೊಡ್ಡದು. ಆ ಲೆಕ್ಕದಲ್ಲಿ ನಲವತ್ತಕ್ಕೆ ಮೂರು ದಿನ. ದಿನವೆಂದದ್ದು ಬೇಕೆಂದೇ. ರಾತ್ರಿಯ ಕತೆಯೆಂದು ರಾತ್ರಿಯೇ ತೆಗೆಯಬೇಕಾಗಿಲ್ಲ. ಕಿಟಕಿ, ಬೆಳಕಿಂಡಿಗಳಿಗೆ ಹೊರಗಿನಿಂದ ಕರಿಯ ಕಂಬಳಿ ಕಟ್ಟಿದರೆ ಮಟಮಟ ಮಧ್ಯಾಹ್ನವೂ ಅಮಾವಾಸ್ಯೆಯಾಗುತ್ತದೆ. ಹೆಣ್ಣುಮಕ್ಕಳು ಸಂಜೆಯೊಳಗೆ ಮನೆ ಸೇರುತ್ತಾರೆ, ಪಾಲಕರ ಆತಂಕವೂ ಇರದು.

ಮೊಬೈಲ್ ಕ್ಯಾಮೆರಾ ಸಾಕೇ ಎಂಬ ಸಂಶಯ ಬೇಡ. ಸ್ಟೀವನ್ ಸೋಡರ್‌ಬರ್ಗ್ ಅವರು 2018ರ ‘ಅನ್‌ಸೇನ್’ ಎಂಬ ಇದೇ ಬಗೆಯ ಚಿತ್ರವನ್ನು ಐಫೋನಿನಲ್ಲಿಯೇ ತೆಗೆದರು. ಮುಖ್ಯವಾದುದು ಬೆಳಕಿನ ಮಿನುಗು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಮೊಬೈಲಿನ ಶಟರನ್ನು ಅದಕ್ಕೆ ಹೊಂದಿಸದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡಾಡುತ್ತವೆ. ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಎಂದು ಇರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಬೆಳಕಿನ ಅಳತೆಯನ್ನೂ ಫೋಕಸ್ಸನ್ನೂ ಬಂಧಿಸಿಡಬೇಕು. ಇಲ್ಲವಾದರೆ ಕತ್ತಲೆಯನ್ನು ಕಂಡ ಮೊಬೈಲು ತಾನೇ ಬುದ್ಧಿ ಉಪಯೋಗಿಸಿ ಅದನ್ನು ಬೆಳಗಿಸಿಬಿಡುತ್ತದೆ. ಹಣತೆ, ಮೇಣದಬತ್ತಿ ಹಚ್ಚುವ ದೃಶ್ಯವಿದ್ದರೆ ಬಕೆಟ್ ನೀರು ಪಕ್ಕದಲ್ಲಿರಲಿ, ಪರದೆ ಸೆರಗುಗಳು ದೂರವಿರಲಿ.

ಊಟದ ಮಾತನ್ನು ಹಗುರವಾಗಿ ಕಾಣಬಾರದು. ಫ್ಲಾರಿಡಾದ ವಿಶ್ವವಿದ್ಯಾಲಯವೊಂದರಲ್ಲಿ ಚಲನಚಿತ್ರ ಓದಿದ್ದ ಇಬ್ಬರು 1997ರ ಅಕ್ಟೋಬರಿನಲ್ಲಿ ಎಂಟು ದಿನಗಳ ಕಾಲ ಕಾಡಿನಲ್ಲಿ ತೆಗೆದು 1999ರಲ್ಲಿ ತೆರೆಗೆ ತಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ನಟರಿಗೆ ದಿನದಿಂದ ದಿನಕ್ಕೆ ಆಹಾರವನ್ನು ಕಡಿಮೆ ಮಾಡುತ್ತ ಹೋದುದನ್ನು, ರಾತ್ರಿ ಗುಡಾರವನ್ನು ಅಲುಗಾಡಿಸಿ ಹೆದರಿಸಿದುದನ್ನು ವಿದ್ಯಾರ್ಥಿಗಳು ಮೆಚ್ಚುಗೆಯಿಂದ ಹೇಳುತ್ತಾರೆ. ನನಗದು ಮೆಚ್ಚುಗೆಯಾಗದು. ನಟಿಗೆ ತಿಳಿಸದೆ ಹಿಂದಿನಿಂದ ಬಂದು ಬೆಚ್ಚಿಬೀಳಿಸುವುದು ನಿರ್ದೇಶನವಲ್ಲ, ಹುಡುಗಾಟ. ಏನು ನಡೆಯಲಿದೆಯೆಂದು ನಟಿಗೆ ಪೂರ್ತಿ ತಿಳಿದಿದ್ದು, ತಿಳಿಯದವಳಂತೆ ಆಕೆ ಅಭಿನಯಿಸುವುದೇ ಕಲೆ. ಮನೆಯ ತಾಯಂದಿರು ಎರಡು ಹೊತ್ತು ರೊಟ್ಟಿ ಪಲ್ಯ ಮಾಡಿ ಬಡಿಸಿದರೆ ಚಿತ್ರದ ಖರ್ಚಿನ ದೊಡ್ಡ ಭಾಗವೇ ಉಳಿಯಿತು.

ನೆರೆಹೊರೆಯವರಿಗೆ ಮುಂಚಿತವಾಗಿ ತಿಳಿಸಿರಬೇಕು. ಚೀರಾಟ ಕೇಳಿ ಯಾರಾದರೂ ಪೊಲೀಸರನ್ನು ಕರೆದಾರು. ಚಿತ್ರಕ್ಕೆ ಸಿನಿಮಾ ಹಾಡನ್ನಾಗಲಿ, ಧ್ವನಿಮುದ್ರಿತ ವಚನಗಾಯನವನ್ನಾಗಲಿ ಅನುಮತಿಯಿಲ್ಲದೆ ಸೇರಿಸಬಾರದು. ವಚನಗಳು ಎಲ್ಲರ ಸ್ವತ್ತಾಗಿದ್ದರೂ ಮುದ್ರಿಕೆಯ ಹಕ್ಕು ಅದನ್ನು ಹೊರತಂದವರಲ್ಲಿ ಇರುತ್ತದೆ. ಹುಡುಗಿ ಕೇಳುವ ಹಾಡನ್ನು ಗೆಳೆಯರಲ್ಲಿ ಹಾಡಬಲ್ಲವರೊಬ್ಬರಿಂದ ಹೊಸದಾಗಿ ಹಾಡಿಸುವುದೇ ಸುಲಭ.

ಸಂಕಲನ ಮುಗಿದ ಮೇಲೆ ಕತೆ ಗೊತ್ತಿಲ್ಲದ ನಾಲ್ಕೈದು ಮಂದಿಯನ್ನು, ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರನ್ನು ಕೂರಿಸಿ ಚಿತ್ರವನ್ನು ತೋರಿಸಬೇಕು. ಹೇಗಿದೆಯೆಂದು ಕೇಳಬೇಡಿ; ಚೆನ್ನಾಗಿದೆ ಎಂದೇ ಹೇಳುತ್ತಾರೆ. ನೀವು ಪರದೆಯ ಪಕ್ಕದಲ್ಲಿ ಕುಳಿತು ಅವರ ಮುಖಗಳನ್ನು ನೋಡಿ. ಮೊಬೈಲು ಕೈಗೆ ಬಂದ ಜಾಗವನ್ನು ಗುರುತು ಹಾಕಿಕೊಂಡು ಅಲ್ಲಿ ಕತ್ತರಿ ಆಡಿಸಿ. ಕುಟ್ಟಾಣಿಯ ಸದ್ದು ನಿಂತಾಗ ಯಾರಾದರೊಬ್ಬರು ತಿರುಗಿ ತಮ್ಮ ಪಡಸಾಲೆಯ ಕಡೆ ನೋಡಿದರೆ, ಆ ಜಾಗವನ್ನು ಮುಟ್ಟಬೇಡಿ.